ಹಾಡಿನ ಋಣ

ಹಾಡಿಗೆ ಕಾಲಿಲ್ಲ; ಆದರೂ ಅದು ನಡೆಯುವಷ್ಟು ದೂರವನ್ನು ಕಾಲುಳ್ಳ ಮನುಷ್ಯನು ನಡೆಯಲಾರ. ರಾಗಿ ಬೀಸುವ ಕಲ್ಲಿನ ಬಳಿ ಹುಟ್ಟಿದ ಪದವು ಮದುವೆಯ ಚಪ್ಪರವನ್ನು ಸೇರುತ್ತದೆ. ಚಪ್ಪರದಿಂದ ಜಾತ್ರೆಗೆ, ಜಾತ್ರೆಯಿಂದ ನಾಟಕದ ರಂಗಕ್ಕೆ, ರಂಗದಿಂದ ಚಲನಚಿತ್ರಕ್ಕೆ ಹೋಗುತ್ತದೆ. ಇಂದು ಅದು ನಮ್ಮ ಅಂಗೈಯ ಫೋನಿನೊಳಗೂ ಬಂದು ಕುಳಿತಿದೆ. ಹೀಗೆ ಸಾಗುವಾಗ ಅದರ ಉಡುಗೆ ಬದಲಾಗುತ್ತದೆ. ಹೊಸ ವಾದ್ಯಗಳು ಸೇರುತ್ತವೆ, ಹೊಸ ಮಾತುಗಳು ಕೂಡಿಕೊಳ್ಳುತ್ತವೆ, ನಡೆ ಚುರುಕಾಗುತ್ತದೆ. ಈ ಪಯಣದಲ್ಲಿ ಹಾಡು ಗಳಿಸುವುದೇನು, ಕಳೆದುಕೊಳ್ಳುವುದೇನು? ಹಳೆಯ ಹಾಡನ್ನು ತೆಗೆದುಕೊಂಡು ಹೊಸ ಹಾಡನ್ನು ಕಟ್ಟುವವನು ಯಾರಿಗಾದರೂ ಋಣಿಯೇ? ಋಣಿಯಾದರೆ ಆ ಋಣವನ್ನು ಅವನು ತೀರಿಸುವುದು ಹೇಗೆ? ದಿನವೂ ಹಾಡು ಕೇಳುವ ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು.

ಮೊದಲಿಗೇ ಒಂದು ಮಾತು ಸ್ಪಷ್ಟವಾಗಿರಲಿ. ಹಳೆಯದನ್ನು ಎತ್ತಿಕೊಳ್ಳುವುದು ತಪ್ಪಲ್ಲ. ಸಂಗೀತವೆಂಬುದು ಬೆಳೆದುದೇ ಹಾಗೆ. ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ಒಬ್ಬರಾದ ಮುತ್ತುಸ್ವಾಮಿ ದೀಕ್ಷಿತರು ಐರೋಪ್ಯರ ವಾದ್ಯಮೇಳಗಳು ನುಡಿಸುತ್ತಿದ್ದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ರಚಿಸಿದರು. 'ನೋಟುಸ್ವರ'ಗಳೆಂದು ಹೆಸರಾದ ಆ ರಚನೆಗಳನ್ನು ಇಂದಿಗೂ ಸಂಗೀತ ಕಲಿಯುವ ಮಕ್ಕಳು ಹಾಡುತ್ತಾರೆ. ನಮ್ಮ ವೃತ್ತಿರಂಗಭೂಮಿಯ ಕವಿಗಳು ಜನರಿಗೆ ಪರಿಚಿತವಾದ ಹಾಡುಗಳ ಧಾಟಿಯಲ್ಲಿ ತಮ್ಮ ನಾಟಕದ ಪದಗಳನ್ನು ಬರೆದರು. ಹೊಸ ಭಜನೆಗಳು ಹಳೆಯ ಭಜನೆಗಳ ಧಾಟಿಯನ್ನೇರಿ ಊರಿಂದ ಊರಿಗೆ ಹೋದವು. ಯಾರೂ ಇದನ್ನು ಕಳ್ಳತನವೆಂದು ಕರೆಯಲಿಲ್ಲ. ಏಕೆ?

ಇದಕ್ಕೆ ಉತ್ತರ ಹಳೆಯ ಹಾಡಿನ ಪುಸ್ತಕಗಳಲ್ಲಿಯೇ ಇದೆ. ಅಂಥ ಪುಸ್ತಕವನ್ನು ತೆರೆದರೆ ಎಷ್ಟೋ ಹಾಡುಗಳ ನೆತ್ತಿಯ ಮೇಲೆ 'ಇಂಥ ಹಾಡಿನ ಮಟ್ಟು' ಅಥವಾ 'ಇಂಥ ಹಾಡಿನ ಧಾಟಿ' ಎಂದು ಅಚ್ಚಾಗಿರುವುದು ಕಾಣುತ್ತದೆ. ಹಾಡುವವನಿಗೆ ದಾರಿ ತೋರುವುದು ಅದರ ಮೊದಲ ಉದ್ದೇಶ. ಆದರೆ ಅದರಿಂದ ಇನ್ನೊಂದು ಕೆಲಸವೂ ತಾನಾಗಿಯೇ ಆಗುತ್ತಿತ್ತು. 'ಮಾತು ನನ್ನದು, ಧಾಟಿ ಬೇರೆಯವರದು' ಎಂದು ಕವಿಯು ಎಲ್ಲರ ಮುಂದೆ ಒಪ್ಪಿಕೊಂಡಂತಾಗುತ್ತಿತ್ತು. ತೆಗೆದುಕೊಂಡವನು ತೆಗೆದುಕೊಂಡೆನೆಂದು ಹೇಳಿದ ಮೇಲೆ ಅದು ಕಳವಲ್ಲ, ಕಡ.

ನಮ್ಮ ವಚನಕಾರರೂ ದಾಸರೂ ತತ್ತ್ವಪದಕಾರರೂ ಇನ್ನೂ ಗಟ್ಟಿಯಾದ ಉಪಾಯವನ್ನು ಮಾಡಿದ್ದರು. ಹಾಡು ತಮ್ಮ ಬಾಯಿಂದ ಹೊರಟ ಮೇಲೆ ಎಲ್ಲೆಲ್ಲಿಗೆ ಹೋಗುವುದೋ, ಯಾರು ಯಾರು ಹಾಡುವರೋ ಎಂಬುದನ್ನು ಅವರು ಬಲ್ಲರು. ಆದುದರಿಂದ ತಮ್ಮ ಅಂಕಿತವನ್ನು ಹಾಡಿನ ಒಡಲಿನಲ್ಲಿಯೇ ಹೊಲಿದುಬಿಟ್ಟರು. ಸಂತ ಶಿಶುನಾಳ ಶರೀಫರು ತೀರಿಕೊಂಡುದು 1889ರಲ್ಲಿ. ಅವರ ಪದಗಳು ಅನಂತರ ಭಜನೆಯ ತಂಡಗಳಲ್ಲಿ ಬಾಳಿದವು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಸಿ. ಅಶ್ವತ್ಥರ ಕಂಠದಲ್ಲಿ ಹೊಸ ವಾದ್ಯಗಳೊಡನೆ ನಾಡಿನ ಮನೆಮನೆಯನ್ನು ಸೇರಿದವು. ವಾದ್ಯ ಬದಲಾಯಿತು, ಕಂಠ ಬದಲಾಯಿತು, ಕೇಳುವವರು ಬದಲಾದರು. ಆದರೆ ಕೊನೆಯ ನುಡಿಯಲ್ಲಿ ಶಿಶುನಾಳದ ಹೆಸರು ಬಂದೊಡನೆ ಈ ಪದ ಯಾರದೆಂಬುದು ತಿಳಿದುಹೋಗುತ್ತದೆ. ಅಂಕಿತವುಳ್ಳ ಹಾಡು ಎಲ್ಲಿಗೆ ಹೋದರೂ ತವರನ್ನು ಮರೆಯುವುದಿಲ್ಲ.

ಯಂತ್ರಯುಗ ಬಂದಾಗಲೂ ಈ ಪದ್ಧತಿ ಒಮ್ಮೆಲೇ ಅಳಿಯಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೋಹರ್ ಜಾನ್ ಎಂಬ ಗಾಯಕಿಯ ಹಾಡುಗಳನ್ನು ಗ್ರಾಮಾಫೋನ್ ತಟ್ಟೆಗಾಗಿ ಮುದ್ರಿಸಿಕೊಂಡರು. ಭಾರತದ ಮೊತ್ತಮೊದಲ ಧ್ವನಿಮುದ್ರಣಗಳ ಸಾಲಿಗೆ ಸೇರಿದವು ಅವು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ದೂರದ ಜರ್ಮನಿಯಲ್ಲಿ ತಟ್ಟೆ ತಯಾರಿಸುವವರು ಹೆಸರನ್ನು ತಪ್ಪಿಲ್ಲದೆ ಬರೆದುಕೊಳ್ಳಲಿ ಎಂಬುದು ಅದರ ಕಾರಣ. ಮುಂದೆ ಆಕೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಆಸ್ಥಾನ ಗಾಯಕಿಯಾಗಿ, 1930ರಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದಳು. ನೂರು ವರ್ಷಗಳು ಮೀರಿದ ಮೇಲೆಯೂ ಆ ತಟ್ಟೆಯನ್ನು ಕೇಳಿದವರಿಗೆ ಹಾಡಿದವಳು ಯಾರೆಂದು ಆಕೆಯ ದನಿಯೇ ತಿಳಿಸುತ್ತದೆ.

ಧ್ವನಿಯನ್ನು ಹಿಡಿದಿಡುವ ಯಂತ್ರ ಬಂದ ಮೇಲೆ ಎರವಲಿನ ಸ್ವರೂಪವೇ ಬದಲಾಯಿತು. ಹಿಂದೆ ಒಬ್ಬನ ಧಾಟಿಯನ್ನು ಮತ್ತೊಬ್ಬನು ತನ್ನ ಕಂಠದಿಂದ ಹಾಡಬೇಕಾಗಿತ್ತು. ಈಗ ಆ ಕಂಠವನ್ನೇ, ಆ ಚರ್ಮವಾದ್ಯದ ಪೆಟ್ಟನ್ನೇ ಕತ್ತರಿಸಿ ತೆಗೆದು ಹೊಸ ಹಾಡಿನೊಳಗೆ ಇಡಬಹುದು. ಇದಕ್ಕೆ 'ಸ್ಯಾಂಪ್ಲಿಂಗ್' ಎಂದು ಹೆಸರು. 1973ರಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ, ಕೂಲ್ ಹರ್ಕ್ ಎಂದು ಹೆಸರಾದ ಜಮೈಕಾ ಮೂಲದ ತರುಣನೊಬ್ಬನು ನರ್ತನದ ಕೂಟವೊಂದರಲ್ಲಿ ತಟ್ಟೆಗಳನ್ನು ನುಡಿಸುತ್ತಿದ್ದನು. ಹಾಡಿನ ನಡುವೆ ಬರಿಯ ತಾಳವಾದ್ಯ ಕೇಳಿಸುವ ಭಾಗದಲ್ಲಿ ಜನರು ಹೆಚ್ಚು ಉತ್ಸಾಹದಿಂದ ಕುಣಿಯುವುದನ್ನು ಅವನು ಗಮನಿಸಿದ್ದನು. ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಆ ಪುಟ್ಟ ಭಾಗವನ್ನೇ ಮತ್ತೆ ಮತ್ತೆ ನುಡಿಸಿ ಉದ್ದವಾಗಿಸಿದನು. ವಾದ್ಯ ಕೊಳ್ಳಲು ಹಣವಿಲ್ಲದವರ ಕೈಯಲ್ಲಿ ಹಳೆಯ ತಟ್ಟೆಯೇ ವಾದ್ಯವಾಯಿತು. 1980ರ ದಶಕದಲ್ಲಿ ಧ್ವನಿಯ ತುಣುಕುಗಳನ್ನು ಸಂಗ್ರಹಿಸಿ ಬೇಕಾದಂತೆ ನುಡಿಸುವ ವಿದ್ಯುನ್ಮಾನ ಯಂತ್ರಗಳು ಬಳಕೆಗೆ ಬಂದು, ಈ ಕಲೆ ಜಗತ್ತನ್ನೆಲ್ಲ ವ್ಯಾಪಿಸಿತು.

ಇದು ಕಲೆಯೇ ಎಂದು ಕೆಲವರು ಕೇಳುತ್ತಾರೆ. ನಮ್ಮ ಹಳ್ಳಿಯ ಅಜ್ಜಿಯರು ಹೊಲಿಯುವ ಕೌದಿಯನ್ನು ನೋಡಿದವರು ಹಾಗೆ ಕೇಳಲಾರರು. ಹರಿದ ಸೀರೆ, ಹಳೆಯ ಪಂಚೆ, ಮಗುವಿನ ಅಂಗಿ ಇವುಗಳ ತುಂಡುಗಳನ್ನು ಆಯ್ದು, ಬಣ್ಣಕ್ಕೆ ಬಣ್ಣ ಹೊಂದಿಸಿ, ಎಳೆ ಎಳೆಯಾಗಿ ಹೊಲಿದಾಗ ಚಳಿಗೆ ಬೆಚ್ಚನೆಯ ಹೊದಿಕೆ ಸಿದ್ಧವಾಗುತ್ತದೆ. ತುಂಡುಗಳು ಹಳೆಯವು, ಕೌದಿ ಹೊಸದು. ಯಾವ ತುಂಡನ್ನು ಆರಿಸಬೇಕು, ಯಾವುದರ ಪಕ್ಕದಲ್ಲಿ ಯಾವುದನ್ನು ಇಡಬೇಕು ಎಂಬ ಅರಿವೇ ಅಲ್ಲಿಯ ಕಲೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಅಜ್ಜಿಯು ತನ್ನ ಮನೆಯ ಸೀರೆಯನ್ನು ಕತ್ತರಿಸುತ್ತಾಳೆ. ನೆರೆಯವಳು ಬಿಸಿಲಿಗೆ ಹರಡಿದ ಸೀರೆಯನ್ನಲ್ಲ.

ಆ ವ್ಯತ್ಯಾಸವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಅಮೆರಿಕದ 'ದಿ ವಿನ್‌ಸ್ಟನ್ಸ್' ಎಂಬ ತಂಡದ ಕಥೆಯನ್ನು ಕೇಳಬೇಕು. 1969ರಲ್ಲಿ ಈ ತಂಡವು ಹೊರತಂದ ತಟ್ಟೆಯ ಒಂದು ಬದಿಯಲ್ಲಿ 'ಅಮೆನ್, ಬ್ರದರ್' ಎಂಬ ರಚನೆಯಿತ್ತು. ಅದರ ನಡುವೆ ಗ್ರೆಗರಿ ಕೋಲ್ಮನ್ ಎಂಬ ವಾದಕನು ಸುಮಾರು 6 ಸೆಕೆಂಡುಗಳ ಕಾಲ ಒಬ್ಬನೇ ಡ್ರಮ್ ನುಡಿಸಿದ್ದಾನೆ. ಮುಂದೆ ಆ 6 ಸೆಕೆಂಡುಗಳ ತುಣುಕನ್ನು ದೇಶವಿದೇಶಗಳ ಸಂಗೀತಗಾರರು ಸಾವಿರಾರು ಹಾಡುಗಳಲ್ಲಿ ಬಳಸಿದರು. ಅದರ ಮೇಲೆಯೇ ನಿಂತ ಹೊಸ ಸಂಗೀತ ಪ್ರಕಾರಗಳೂ ಬೆಳೆದವು. ನುಡಿಸಿದವನಿಗೆ ಮಾತ್ರ ಬಿಡಿಗಾಸೂ ದೊರೆಯಲಿಲ್ಲ. ಕೋಲ್ಮನ್ 2006ರಲ್ಲಿ ಇರಲು ಮನೆಯಿಲ್ಲದ ಸ್ಥಿತಿಯಲ್ಲಿ ಸತ್ತನು. ತಂಡದ ನಾಯಕ ರಿಚರ್ಡ್ ಸ್ಪೆನ್ಸರನಿಗೆ 2015ರಲ್ಲಿ ಸಂಗೀತಪ್ರಿಯರು ಚಂದಾ ಎತ್ತಿ ಸುಮಾರು 24,000 ಪೌಂಡುಗಳನ್ನು ಒಪ್ಪಿಸಿದರು. ಕೇಳುವವರ ಮನಸ್ಸಾಕ್ಷಿ ತಡವಾಗಿಯಾದರೂ ಎಚ್ಚರಗೊಂಡಿತು. ಆದರೆ ಆ ಡ್ರಮ್ ನುಡಿಸಿದ ಕೈಗಳು ಆ ವೇಳೆಗೆ ಮಣ್ಣಾಗಿದ್ದವು.

ಇದು ದೂರದ ದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ರಾಮನಗರದ ಬಂಡೆಗಳು ಕೂಡ ಇಂಥ ಎರವಲಿಗೆ ಸಾಕ್ಷಿಯಾಗಿವೆ. 1975ರಲ್ಲಿ ತೆರೆಕಂಡ 'ಶೋಲೆ' ಎಂಬ ಹಿಂದಿ ಚಿತ್ರದ ಬಹುಭಾಗ ಇಲ್ಲಿಯ ಬೆಟ್ಟಗಳಲ್ಲಿ ಚಿತ್ರಿತವಾಯಿತು. ದರೋಡೆಕೋರರ ಬೀಡಿನಲ್ಲಿ ನಡೆಯುವ ನರ್ತನದ ಹಾಡು ಆ ಚಿತ್ರದಲ್ಲಿ ಬಹು ಪ್ರಸಿದ್ಧವಾದುದು. ಸಂಗೀತ ನಿರ್ದೇಶಕ ಆರ್. ಡಿ. ಬರ್ಮನ್ ಅದನ್ನು ಗ್ರೀಕ್ ಗಾಯಕ ಡೆಮಿಸ್ ರೂಸೋಸನ ಹಾಡೊಂದರ ಧಾಟಿಯನ್ನು ಅನುಸರಿಸಿ ರಚಿಸಿದರು. ರೂಸೋಸನ ಹಾಡಾದರೂ ಸೈಪ್ರಸ್ ದ್ವೀಪದ ಜನಪದ ಧಾಟಿಯೊಂದನ್ನು ಆಧರಿಸಿದುದು. ಸಮುದ್ರದಾಚೆಯ ಹಳ್ಳಿಗರ ಪದ ನಮ್ಮ ಬೆಟ್ಟಗಳ ನಡುವೆ ಮೊಳಗಿತು. ಇದು ಸಂತೋಷದ ಸಂಗತಿಯೇ. ಆದರೆ ಅದನ್ನು ಕೇಳಿ ತಲೆದೂಗಿದ ಕೋಟ್ಯಂತರ ಜನರಲ್ಲಿ ಸೈಪ್ರಸ್ಸಿನ ಹೆಸರನ್ನು ಅರಿತವರು ಎಷ್ಟು ಮಂದಿ?

ಸೈಪ್ರಸ್ಸಿನ ಪದಕ್ಕೆ ಆದುದೇ ನಮ್ಮ ಪದಗಳಿಗೂ ಆಗಬಹುದೆಂಬ ಅರಿವಿನಿಂದ ದುಡಿದವರು ನಮ್ಮ ನಾಡಿನಲ್ಲಿದ್ದಾರೆ. ಆಡಳಿತಾಧಿಕಾರಿಯೂ ಸಾಹಿತಿಯೂ ಆಗಿದ್ದ ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಅದರ ಫಲವಾಗಿ ರಾಮನಗರದ ಬಳಿ, ಬೆಂಗಳೂರು-ಮೈಸೂರು ರಸ್ತೆಯ ಪಕ್ಕದಲ್ಲಿ 'ಜಾನಪದ ಲೋಕ' ತಲೆಯೆತ್ತಿ 1994ರಲ್ಲಿ ಉದ್ಘಾಟನೆಗೊಂಡಿತು. ನೇಗಿಲು, ಕುಡುಗೋಲು, ಮಡಕೆ, ಬೊಂಬೆಗಳ ಜೊತೆಗೆ ಜನಪದ ಗಾಯಕರ ಧ್ವನಿಗಳೂ ಅಲ್ಲಿ ಸಂಗ್ರಹವಾದವು. ಹಾಡನ್ನು ಬಳಸಿಕೊಳ್ಳುವವರಿಗೂ ಹಾಡನ್ನು ಕಾಪಾಡುವವರಿಗೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ಮೊದಲಿನವರಿಗೆ ಧಾಟಿಯೊಂದಿದ್ದರೆ ಸಾಕು. ಎರಡನೆಯವರಿಗೆ ಹಾಡಿದವರು ಯಾರು, ಯಾವ ಊರಿನವರು, ಯಾವ ಸಂದರ್ಭದಲ್ಲಿ ಹಾಡುವ ಪದವಿದು ಎಂಬುದೆಲ್ಲ ಬೇಕು.

ಈ ವಿವರಗಳು ಏಕೆ ಬೇಕೆಂಬುದನ್ನು ಮಲೆಯ ಮಾದೇಶ್ವರನ ಹಾಡೊಂದು ನಮಗೆ ಚೆನ್ನಾಗಿ ಕಲಿಸಿದೆ. ಮಾದೇಶ್ವರನ ಒಕ್ಕಲಾದ ದೇವರಗುಡ್ಡರು ಕಂಸಾಳೆಯ ಗತ್ತಿನೊಡನೆ ಆ ಮಹಾಕಾವ್ಯವನ್ನು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ. ಅದರಲ್ಲಿ ಶರಣೆ ಸಂಕಮ್ಮನ ಕಥೆ ಎದೆ ಕರಗಿಸುವಂಥದು. ಗಂಡನ ಅನುಮಾನಕ್ಕೂ ಹಿಂಸೆಗೂ ಗುರಿಯಾಗಿ ಕಾಡಿನಲ್ಲಿ ಒಂಟಿಯಾಗಿ ನೊಂದ ಹೆಣ್ಣುಮಗಳ ಬಾಗಿಲಿಗೆ ಮಾದೇಶ್ವರನು ಜಂಗಮನ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆ. ಭಿಕ್ಷೆಗೆ ಬಂದ ಆ 'ಕೋಲುಮಂಡೆ ಜಂಗಮ'ನನ್ನು ಕುರಿತ ಪದವನ್ನು 1996ರಲ್ಲಿ ಟಿ. ಎಸ್. ನಾಗಾಭರಣರ 'ಜನುಮದ ಜೋಡಿ' ಚಿತ್ರದಲ್ಲಿ ವಿ. ಮನೋಹರ್ ಅಳವಡಿಸಿದರು, ಎಲ್. ಎನ್. ಶಾಸ್ತ್ರಿಗಳು ಅದನ್ನು ಹಾಡಿದರು. ಮಾದಪ್ಪನ ಬೆಟ್ಟವನ್ನು ಎಂದೂ ಕಾಣದವರ ಮನೆಗಳಲ್ಲಿಯೂ ಆ ಪದ ಗುನುಗಿತು. ಅದು ಎರವಲಿನ ಒಳ್ಳೆಯ ಮುಖ.

ಅದೇ ಪದವನ್ನು 2020ರಲ್ಲಿ ಗಾಯಕ ಚಂದನ್ ಶೆಟ್ಟಿಯವರು ರ‍್ಯಾಪ್ ಶೈಲಿಯಲ್ಲಿ ಅಳವಡಿಸಿ, ಚಿತ್ರಿಕೆಯೊಡನೆ ಯೂಟ್ಯೂಬಿನಲ್ಲಿ ಬಿಡುಗಡೆ ಮಾಡಿದರು. ಅದರಲ್ಲಿ ಸಂಕಮ್ಮನನ್ನು ತೋರಿಸಿದ ಬಗೆಯಿಂದ ಮಾದೇಶ್ವರನ ಭಕ್ತರ ಮನಸ್ಸು ನೊಂದಿತು. ಪ್ರತಿಭಟನೆಗಳು ಬಂದುವು. ಗಾಯಕರು ಕ್ಷಮೆ ಕೇಳಿದರು. ಚಿತ್ರಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಹೊಸ ಶೈಲಿಯಲ್ಲಿ ಹಾಡಿದ್ದೇ ಇಲ್ಲಿಯ ದೋಷವೆಂದು ನಾನು ಭಾವಿಸುವುದಿಲ್ಲ. ಧಾಟಿಯನ್ನು ಎತ್ತಿಕೊಳ್ಳುವಾಗ ಅದಕ್ಕೆ ಅಂಟಿದ ಕಥೆಯನ್ನು ಕಳಚಿ ಬಿಟ್ಟುದೇ ದೋಷ. ಕೇಳುವವನಿಗೆ ಅದೊಂದು ಕುಣಿಸುವ ಗತ್ತು. ಹಾಡಿಕೊಂಡು ಬಂದವರಿಗೆ ಅದು ನೊಂದ ತಾಯಿಯ ಚರಿತ್ರೆ.

ಈ ಪದವು ಎರವಲು ಪಡೆಯುವವನು ಹೇಗೆ ನಡೆದುಕೊಳ್ಳಬೇಕೆಂಬುದನ್ನೂ ಹೇಳಿಕೊಡುತ್ತದೆ. ಭಿಕ್ಷೆಗೆ ಬಂದ ಜಂಗಮನು ಮನೆಯೊಳಗೆ ನುಗ್ಗಿ ಕಣಜಕ್ಕೆ ಕೈಹಾಕುವುದಿಲ್ಲ. ಹೊಸ್ತಿಲಾಚೆ ನಿಲ್ಲುತ್ತಾನೆ, ಕೇಳುತ್ತಾನೆ, ಕೊಟ್ಟದ್ದನ್ನು ಪಡೆದು ಆ ಮನೆಯನ್ನು ಹರಸಿ ಮುಂದೆ ಸಾಗುತ್ತಾನೆ. ಹಳೆಯ ಹಾಡಿನ ಬಾಗಿಲಿಗೆ ಬರುವ ಸಂಗೀತಗಾರನಿಗೂ ಈ ವಿನಯ ಬೇಕು.

ಇದನ್ನೆಲ್ಲ ನೋಡಿಕೊಳ್ಳಲು ಕಾನೂನು ಇಲ್ಲವೆ ಎಂದು ನೀವು ಕೇಳಬಹುದು. ಇದೆ, ಆದರೆ ಅದರ ಕೈ ಎಲ್ಲ ಕಡೆಗೂ ಚಾಚುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕವಿಯ ಸಾಹಿತ್ಯಕ್ಕೂ ಸಂಗೀತಗಾರನ ರಚನೆಗೂ ಅವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷಗಳವರೆಗೆ ರಕ್ಷಣೆಯುಂಟು. ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ಮೇಲೆ 60 ವರ್ಷಗಳ ರಕ್ಷಣೆ ಪ್ರತ್ಯೇಕವಾಗಿ ಉಂಟು. ಆದಕಾರಣ ಸಂಸ್ಥೆಗಳು ತಮ್ಮ ಹಕ್ಕಿಗಾಗಿ ಹೋರಾಡಬಲ್ಲವು. 1991ರ 'ಶಾಂತಿ ಕ್ರಾಂತಿ' ಚಿತ್ರಕ್ಕೆ ಹಂಸಲೇಖರು ನೀಡಿದ ಸಂಗೀತವನ್ನು 2016ರ 'ಕಿರಿಕ್ ಪಾರ್ಟಿ' ಚಿತ್ರದ ಹಾಡೊಂದರಲ್ಲಿ ಒಪ್ಪಿಗೆಯಿಲ್ಲದೆ ಬಳಸಲಾಗಿದೆಯೆಂದು ಆಪಾದಿಸಿ ಲಹರಿ ಸಂಸ್ಥೆಯವರು ನ್ಯಾಯಾಲಯಕ್ಕೆ ಹೋದುದನ್ನು ಇಲ್ಲಿ ನೆನೆಯಬಹುದು. ಆದರೆ ಜನಪದ ಗೀತೆಯ ಪರವಾಗಿ ನ್ಯಾಯಾಲಯಕ್ಕೆ ಹೋಗುವವರು ಯಾರು? ಅದಕ್ಕೆ ಗೊತ್ತಾದ ಒಬ್ಬ ಕವಿಯಿಲ್ಲ. ಹುಟ್ಟಿದ ದಿನದ ದಾಖಲೆಯಿಲ್ಲ. ಹಾಡಿಕೊಂಡು ಬಂದ ಸಮುದಾಯದ ಹೆಸರು ಯಾವ ಕಡತದಲ್ಲಿಯೂ ಹಕ್ಕುದಾರನೆಂದು ದಾಖಲಾಗಿಲ್ಲ. ಹಣವುಳ್ಳವನ ಹಾಡಿಗೆ ಬೇಲಿಯುಂಟು. ಬಡವನ ಹಾಡು ಬಯಲು.

ಗುರುತೆಂಬುದಕ್ಕೆ ಎಷ್ಟು ಬಲವಿದೆಯೆಂಬುದನ್ನು ನಮ್ಮ ಸುತ್ತಲಿನ ಊರುಗಳಲ್ಲಿಯೇ ಕಾಣಬಹುದು. ಚನ್ನಪಟ್ಟಣದ ಬಣ್ಣದ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಬೇರೆಲ್ಲೋ ಮಾಡಿದ ಬೊಂಬೆಗೆ ಚನ್ನಪಟ್ಟಣದ ಹೆಸರನ್ನು ಅಂಟಿಸಿ ಮಾರುವುದು ಅಕ್ರಮ. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಒಂದು ಹಳೆಯ ಸಮಾಧಿಯಿದೆ. ಬಹುಕಾಲ ಹೊರಗಿನವರ ಗಮನಕ್ಕೆ ಬಾರದೆ ನಿಂತಿದ್ದ ಅದು ಕೆಂಪೇಗೌಡರ ಸಮಾಧಿಯೆಂದು 2015ರಲ್ಲಿ ಗುರುತಿಸಲ್ಪಟ್ಟಿತು. ಹಾಗೆ ಗುರುತಿಸಲು ನೆರವಾದುದು ಅಲ್ಲಿಯ ಕಲ್ಲಿನ ಬರಹ. ಯಾರೋ ಒಬ್ಬ ಶಿಲ್ಪಿ ಅಂದು ಕೊರೆದ ಕೆಲವು ಅಕ್ಷರಗಳು ಶತಮಾನಗಳ ಮರೆವನ್ನು ಗೆದ್ದುವು. ಅಕ್ಷರವಿಲ್ಲದಿದ್ದರೆ ಅದು ಊರಾಚೆಯ ಒಂದು ಕಲ್ಲುಕಟ್ಟಡವಾಗಿಯೇ ಉಳಿಯುತ್ತಿತ್ತು. ನಮ್ಮ ಜನಪದ ಗೀತೆಗೆ ಇಂಥ ಶಾಸನವೂ ಇಲ್ಲ, ಬೊಂಬೆಗಿರುವ ಮುದ್ರೆಯೂ ಇಲ್ಲ, ದಾಸರ ಪದಕ್ಕಿರುವ ಅಂಕಿತವೂ ಇಲ್ಲ. ಬಳಸುವವರ ಬಾಯಿಯೇ ಅದಕ್ಕೆ ಶಾಸನವಾಗಬೇಕು.

ಇಲ್ಲಿ ಎರಡು ಬಗೆಯ ಆಕ್ಷೇಪಣೆಗಳು ಏಳುತ್ತವೆ. ಜನಪದ ಗೀತೆ ಎಲ್ಲರ ಸೊತ್ತಾದುದರಿಂದ ಯಾರನ್ನೂ ಕೇಳಬೇಕಾಗಿಲ್ಲವೆಂಬುದು ಮೊದಲನೆಯದು. ಊರ ಕೆರೆಯೂ ಎಲ್ಲರ ಸೊತ್ತೇ. ಆದರೆ ಒಬ್ಬನು ಅದರ ನೀರನ್ನೆಲ್ಲ ತನ್ನ ತೋಟಕ್ಕೆ ಹಾಯಿಸಿಕೊಂಡು, ಕೆರೆ ತನ್ನದೆಂದು ಫಲಕ ನೆಟ್ಟರೆ ಊರು ಒಪ್ಪೀತೆ? ಎಲ್ಲರದಾದ ವಸ್ತುವನ್ನು ಬಳಸುವವನಿಗೆ ಹೊಣೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹಳೆಯ ಹಾಡನ್ನು ಮುಟ್ಟಲೇಬಾರದು, ಮುಟ್ಟಿದರೆ ಕೆಡುತ್ತದೆಂಬುದು ಎರಡನೆಯದು. ಇದೂ ಸರಿಯಲ್ಲ. ಮುಟ್ಟದೆ ಪೆಟ್ಟಿಗೆಯಲ್ಲಿಟ್ಟ ರೇಷ್ಮೆಯ ಸೀರೆ ಮಡಿಕೆಯಲ್ಲಿಯೇ ಸೀಳುತ್ತದೆ. ಬಾಯಿಂದ ಬಾಯಿಗೆ ಹೋಗುತ್ತ ಬದಲಾಗುವುದು ಜನಪದ ಗೀತೆಯ ಸ್ವಭಾವ. ಬದಲಾವಣೆಗೆ ಹೆದರಬೇಕಾಗಿಲ್ಲ, ಮರೆವಿಗೆ ಹೆದರಬೇಕು.

ಹಾಗಾದರೆ ಋಣ ತೀರಿಸುವ ದಾರಿ ಯಾವುದು? ಅದು ಕಷ್ಟದ್ದೇನೂ ಅಲ್ಲ. ಹಾಡು ಎಲ್ಲಿಂದ ಬಂತೆಂಬುದನ್ನು ಹೊಸ ಹಾಡಿನ ಜೊತೆಗೆ ಬರೆಯಬೇಕು. ಬರಿಯ 'ಜಾನಪದ' ಎಂಬ ಒಂದು ಮಾತು ಸಾಲದು. ಯಾವ ಸಮುದಾಯ, ಯಾವ ಸೀಮೆ ಎಂಬುದನ್ನು ತಿಳಿದಷ್ಟು ಹೇಳಬೇಕು. ಅದರ ಅರ್ಥವನ್ನು ಬಲ್ಲವರಿಂದ ಮೊದಲೇ ತಿಳಿದುಕೊಳ್ಳಬೇಕು. ಹಣ ಬಂದಾಗ ಅದರಲ್ಲಿ ಹಾಡಿಕೊಂಡು ಬಂದವರಿಗೂ ಪಾಲಿರಬೇಕು. ಸಾಧ್ಯವಾದರೆ ಅವರನ್ನೇ ಕರೆದು ಹಾಡಿಸಬೇಕು. 2021ರಲ್ಲಿ ತೆರೆಕಂಡ 'ಸಲಗ' ಚಿತ್ರಕ್ಕಾಗಿ ಸಂಗೀತ ನಿರ್ದೇಶಕ ಚರಣ್ ರಾಜ್ ಉತ್ತರ ಕನ್ನಡದ ಸಿದ್ದಿ ಸಮುದಾಯದ ಗಾಯಕರಿಂದಲೇ ಅವರ ಹಾಡಿನ ಗತ್ತನ್ನು ಹಾಡಿಸಿದರು. ಕಾಡಂಚಿನ ಊರುಗಳ ದನಿ ಹೆಸರಿನೊಡನೆ ನಾಡಿಗೆ ಕೇಳಿಸಿತು. ಹೀಗೂ ಮಾಡಬಹುದೆಂಬುದಕ್ಕೆ ಅದು ನಿದರ್ಶನ.

ವಿದ್ಯಾರ್ಥಿಗಳಾದ ನೀವೂ ಈ ಕಾರ್ಯದಿಂದ ದೂರವಿಲ್ಲ. ಧ್ವನಿಯನ್ನು ಮುದ್ರಿಸುವ, ಕತ್ತರಿಸುವ, ಜೋಡಿಸುವ ಯಂತ್ರ ಇಂದು ಎಷ್ಟೋ ಮನೆಗಳಲ್ಲಿದೆ. ನಾಳೆ ನಿಮ್ಮಲ್ಲಿ ಕೆಲವರು ಹೊಸ ಹಾಡುಗಳನ್ನು ಕಟ್ಟುವವರಾಗುತ್ತೀರಿ, ಉಳಿದವರು ಕೇಳುವವರಾಗುತ್ತೀರಿ. ಕಟ್ಟುವವರು ಹಿಂದಿನವರ ಪುಸ್ತಕದಲ್ಲಿದ್ದಂತೆ ಹಾಡಿನ ನೆತ್ತಿಯ ಮೇಲೆ ಅದರ ಮಟ್ಟನ್ನು ಬರೆಯಿರಿ. ಕೇಳುವವರು ಇದು ಯಾರ ಪದ, ಯಾವ ಊರಿನದು ಎಂದು ಕೇಳುವ ಅಭ್ಯಾಸ ಮಾಡಿರಿ; ಕೇಳುವವರು ಕೇಳಿದರೆ ಹಾಡುವವರು ಹೇಳಲೇಬೇಕಾಗುತ್ತದೆ. ನಿಮ್ಮ ಮನೆಯಲ್ಲಿಯೋ ಕೇರಿಯಲ್ಲಿಯೋ ಸೋಬಾನೆ ಬಲ್ಲ ಅಜ್ಜಿಯಿದ್ದರೆ, ಆಕೆಯ ಒಪ್ಪಿಗೆ ಪಡೆದು ಒಂದು ಪದವನ್ನು ಮುದ್ರಿಸಿಕೊಳ್ಳಿರಿ. ಮುಗಿದ ಮೇಲೆ ಯಂತ್ರವನ್ನು ಒಡನೆಯೇ ನಿಲ್ಲಿಸಬೇಡಿರಿ. ಗೋಹರ್ ಜಾನಳಂತೆ ಆ ಅಜ್ಜಿಯೂ ತನ್ನ ಹೆಸರನ್ನೂ ತನ್ನ ಊರನ್ನೂ ತನ್ನ ದನಿಯಲ್ಲಿಯೇ ಹೇಳಲಿ.